ಹನ್ನೆರಡನೆಯ ಗಲಪಟ್ಟಿ

ನಮ್ಮ ಅವ್ವನಿಗೆ ಎರಡು ಹೆಸರು. ಮನೆಯಲ್ಲಿ ಅವ್ವ, ಶಾಲೆಯಲ್ಲಿ ಅಕ್ಕಾರು. ಎರಡಕ್ಕೂ ನಡುವಿನ ಗಡಿ ಅಂದರೆ ಹುಕ್ಕೇರಿಯ ಹೆಣ್ಣುಮಕ್ಕಳ ಶಾಲೆಯ ಮುಂದಿದ್ದ ಒಂದು ಬೇವಿನ ಗಿಡ. ಆ ಗಿಡದವರೆಗೆ ನಾನು ಅವಳ ಸೆರಗು ಹಿಡಿದುಕೊಂಡು, ಹಟ ಮಾಡಿಕೊಂಡು, ಬೇಕಾದರೆ ಅತ್ತುಕೊಂಡು ನಡೆಯಬಹುದಿತ್ತು. ಗಿಡ ದಾಟಿದೆವೋ, ಸೆರಗು ಬಿಡಬೇಕು, ‘ಅಕ್ಕಾರ್ರಿ’ ಅನ್ನಬೇಕು, ಉಳಿದ ಹುಡುಗಿಯರ ಹಾಗೆ ಸಾಲಿನಲ್ಲಿ ಹೋಗಿ ನಿಲ್ಲಬೇಕು. ಈ ಕಾಯಿದೆ ಮಾಡಿದವಳು ಅವ್ವನೇ. ನಾಲ್ಕನೇ ಇಯತ್ತೆಯ ಹುಡುಗಿಯರಿಗೆಲ್ಲ ಅವಳೇ ಕಲಿಸುತ್ತಿದ್ದಳು, ಆ ಇಯತ್ತೆಯಲ್ಲಿ ನಾನೂ ಒಬ್ಬಳು. ಒಮ್ಮೆ ನಾನು ಮರೆತು ತರಗತಿಯಲ್ಲಿ ‘ಅವ್ವಾ, ನೀರು’ ಅಂದಿದ್ದಕ್ಕೆ ಇಡೀ ದಿನ ನೀರು ಕೊಟ್ಟಿರಲಿಲ್ಲ. ಸಂಜೆ ಗಿಡ ದಾಟಿದ ಕೂಡಲೇ ತಾನೇ ಬಾವಿಗೆ ಕರೆದೊಯ್ದು, ಬೊಗಸೆ ತುಂಬ ಕುಡಿಸಿದಳು.

“ಸಾಲ್ಯಾಗ ನಿನಗೆಷ್ಟೋ ತಂಗೆವ್ವಗೂ ಅಷ್ಟ. ತಂಗೆವ್ವಗ ಅಲ್ಲೆ ಅವ್ವ ಅದಾಳೇನು? ಇಲ್ಲ. ಮತ್ತ ನಿನಗೂ ಇಲ್ಲ.”

ತಂಗೆವ್ವ ಘೋಡಗೇರಿಯವಳು. ಓದಲೆಂದು ಹುಕ್ಕೇರಿಯಲ್ಲಿ ಸೋದರಮಾವನ ಮನೆಯಲ್ಲಿದ್ದಳು. ಬೆಳಿಗ್ಗೆ ಎಮ್ಮೆಯ ಸಗಣಿ ಬಳಿದು, ಕುಳ್ಳು ತಟ್ಟಿ, ಕೈ ಸರಿಯಾಗಿ ತೊಳೆಯದೆ ಶಾಲೆಗೆ ಓಡಿ ಬರುವಳು. ಅವಳ ಪಕ್ಕದಲ್ಲಿ ಕೂತರೆ ಸಗಣಿಯ ವಾಸನೆ ಬರುತ್ತದೆ ಎಂದು ನಾನು ಮೂಗು ಮುಚ್ಚುತ್ತಿದ್ದೆ. ನನ್ನ ಗುಣ ಎಂಥದಿತ್ತು ಎಂಬುದು ಇಲ್ಲಿಂದಲೇ ಗೊತ್ತಾಗಲಿ ಎಂದು ಇದನ್ನು ಮೊದಲೇ ಹೇಳಿಬಿಟ್ಟೆ.

ನಮ್ಮದು ಮಣ್ಣಿನ ಮಾಳಿಗೆಯ ಬಾಡಿಗೆ ಮನೆ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆ ಮನೆ, ಅಷ್ಟೇ. ಕಿಟಕಿಗಳಿರಲಿಲ್ಲ. ಮಾಳಿಗೆಗೆ ಒಂದು ಬೆಳಕಿಂಡಿ ಇತ್ತು, ಅದರಿಂದ ತಟ್ಟೆಯಗಲದ ಬಿಸಿಲು ಪಡಸಾಲೆಯಲ್ಲಿ ಬೀಳುತ್ತಿತ್ತು. ಜೋಳ ಹಸನು ಮಾಡುವುದು, ತಲೆಯ ಹೇನು ನೋಡುವುದು, ಪಾಟಿಯ ಮೇಲೆ ಬರೆಯುವುದು ಎಲ್ಲವೂ ಆ ಬಿಸಿಲಲ್ಲೇ. ಬಿಸಿಲು ಸರಿದ ಹಾಗೆ ನಾವೂ ಸರಿಯುತ್ತಿದ್ದೆವು. ಅಪ್ಪ ಸಂಕೇಶ್ವರದಲ್ಲಿ ಒಂದು ಬೆಲ್ಲದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಶನಿವಾರ ಸಂಜೆ ಬಂದರೆ ಸೋಮವಾರ ಬೆಳಗಾಗುವುದರೊಳಗೆ ಹೊರಟುಬಿಡುತ್ತಿದ್ದ. ಹಾಗಾಗಿ ವಾರವಿಡೀ ಮನೆಯೆಂದರೆ ಅವ್ವ, ಅಪ್ಪನ ತಾಯಿಯಾದ ನಮ್ಮ ಆಯಿ, ನಾನು, ತೊಟ್ಟಿಲಲ್ಲಿದ್ದ ತಂಗಿ ನೀಲಾ. ಆಯಿಗೆ ಮೊಣಕಾಲು ನೋವು. ಕೂತಲ್ಲಿಂದ ಏಳಲು ಆಗುತ್ತಿರಲಿಲ್ಲ, ಆದರೆ ಬಾಯಿಗೆ ಯಾವ ನೋವೂ ಇರಲಿಲ್ಲ. ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡಳೆಂದರೆ ಅಲ್ಲಿಂದ ಅವಳ ಮಾತಿನ ಗಿರಣಿ ಶುರು.

ಅವ್ವ ಗೋಕಾಕದವಳು. ಬೆಳಗಾವಿಯಲ್ಲಿ ಟ್ರೇನಿಂಗ್ ಮುಗಿಸುವಾಗ ಹೆಣಿಗೆ ಕಲಿತಿದ್ದಳು. ಕಲಿಸಿದವರು ಮರಾಠಿಯವರಾದ್ದರಿಂದ ಅವಳ ಹೆಣಿಗೆಯ ಮಾತೆಲ್ಲ ಮರಾಠಿ. ಸೂಜಿಯ ಮೇಲಿನ ಒಂದೊಂದು ಕುಣಿಕೆಗೆ ‘ಟಾಕಾ’, ನೇರ ಹೆಣೆದರೆ ‘ಸುಲಟ’, ತಿರುವಿ ಹೆಣೆದರೆ ‘ಉಲಟ’. ಸೂಜಿಗಳನ್ನು ಮುರಿದ ಛತ್ರಿಯ ಕಡ್ಡಿಗಳಿಂದ ತಾನೇ ಮಾಡಿಕೊಂಡಿದ್ದಳು, ತುದಿಯನ್ನು ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕಿ ನುಣ್ಣಗೆ ಮಾಡಿ. ಅವಳು ಕೂತು ಹೆಣೆದದ್ದನ್ನು ನಾನು ನೋಡಿದ್ದು ಕಡಿಮೆ. ರೊಟ್ಟಿ ಬೇಯುವಷ್ಟರಲ್ಲಿ ನಾಲ್ಕು ಟಾಕಾ, ತೊಟ್ಟಿಲು ತೂಗುತ್ತ ಒಂದು ಸಾಲು, ಶಾಲೆಗೆ ಹೋಗುವ ದಾರಿಯಲ್ಲಿ ಎರಡು ಸಾಲು. ಶಾಲೆಯಲ್ಲಿ ನಾವು ಪಾವಕಿ, ಅರ್ಧಕಿ ಎಂಬ ಕಾಲು, ಅರ್ಧದ ಮಗ್ಗಿ ಒದರುವಾಗ ಅವಳ ಕೈ ಆ ತಾಳಕ್ಕೇ ಓಡುತ್ತಿತ್ತು. ನಾವು ಎಲ್ಲಾದರೂ ತಪ್ಪಿದರೆ ಅವಳ ಸೂಜಿ ನಿಲ್ಲುತ್ತಿತ್ತು. ಸೂಜಿ ನಿಂತಿತೆಂದರೆ ಹನ್ನೊಂದು ಹುಡುಗಿಯರ ಎದೆಯೂ ನಿಲ್ಲುತ್ತಿತ್ತು. ನನಗೆ ಮಾತ್ರ ಅವಳು ದಾರಿಯಲ್ಲಿ ಹೆಣೆಯುವುದು ಸೇರುತ್ತಿರಲಿಲ್ಲ. ಬಾವಿಕಟ್ಟೆಯ ಹೆಂಗಸರು ಬಾಯಿಗೆ ಸೆರಗು ಮುಚ್ಚಿ ನಗುತ್ತಿದ್ದರು. ನಾನು ಹತ್ತು ಹೆಜ್ಜೆ ಹಿಂದೆ ಉಳಿದು, ಇವಳು ಯಾರೋ, ನಾನು ಯಾರೋ ಎನ್ನುವ ಹಾಗೆ ನಡೆಯುತ್ತಿದ್ದೆ.

ಅದು ಲಡಾಯಿಯ ಕಾಲ. ಶಾಲೆಯ ಹುಡುಗಿಯರು ಸಿಪಾಯಿಗಳಿಗಾಗಿ ಕೊರಳಿಗೆ ಸುತ್ತುವ ಗಲಪಟ್ಟಿ ಹೆಣೆದು ಕೊಡಬೇಕೆಂದು ಕಚೇರಿಯಿಂದ ಖಾಕಿ ಉಣ್ಣೆಯ ಹನ್ನೆರಡು ಉಂಡೆ ಬಂದಿದ್ದವು. ನಮ್ಮ ಇಯತ್ತೆಯಲ್ಲಿ ಆಗ ಹನ್ನೆರಡು ಹುಡುಗಿಯರು. ಆಮೇಲೆ ಒಬ್ಬಳನ್ನು ಗಂಡನ ಮನೆಗೆ ಕಳಿಸಿದರು, ಹನ್ನೊಂದು ಉಳಿದೆವು. ಅವಳ ಪಾಲಿನ ಉಂಡೆ ಹಾಗೇ ಮರಳಿ ಹೋಗಬಾರದೆಂದು ಅವ್ವ ಆ ಹನ್ನೆರಡನೆಯ ಗಲಪಟ್ಟಿಯನ್ನು ತಾನೇ ಹೆಣೆಯಲು ಹಿಡಿದಳು. ಉಳಿದ ಹನ್ನೊಂದು ನಮ್ಮವು. ಅದಕ್ಕೂ ಅವಳದೊಂದು ಕಾಯಿದೆ ಇತ್ತು. ಮೊದಲ ದಿನವೇ ಸೂಜಿ ಎತ್ತಿ ಹಿಡಿದು ಹೇಳಿದಳು:

“ಟಾಕಾ ಬಿದ್ರ ನನ್ನ ಕಡೆ ತರ್ರಿ, ಎತ್ತಿ ಕೊಡತೀನಿ. ಆದ್ರ ಹೆಣದು ಕೊಡಂಗಿಲ್ಲ. ಒಂದ ಸಾಲನೂ ಹೆಣದು ಕೊಡಂಗಿಲ್ಲ. ನಾ ಹೆಣದ್ರ ಅದು ನಂದಾಗತೈತಿ, ನಿಮ್ಮದಾಗೂದಿಲ್ಲ.”

ತಂಗೆವ್ವನ ಕೈ ದಪ್ಪ, ಬೆರಳು ಒರಟು. ಅವಳ ಗಲಪಟ್ಟಿಯಲ್ಲಿ ದಿನಕ್ಕೆ ಎಂಟು ಟಾಕಾ ಬೀಳುತ್ತಿದ್ದವು. ಒಂದು ದಿನ ಅಳುಮೋರೆ ಮಾಡಿಕೊಂಡು, “ಅಕ್ಕಾರ್ರಿ, ಒಂದ ಸಾಲರ ಹೆಣದು ಕೊಡ್ರಿ,” ಅಂದಳು. ಅವ್ವ ಬಿದ್ದ ಟಾಕಾಗಳನ್ನೆಲ್ಲ ಎತ್ತಿ ಸೂಜಿಗೆ ಏರಿಸಿ, ಅವಳ ಕೈಗೇ ಮರಳಿ ಕೊಟ್ಟಳು. ತಂಗೆವ್ವ ಮೂಗು ಒರೆಸಿಕೊಂಡು ಹೆಣೆಯಲು ಕೂತಳು. ನನ್ನ ಕೈಯಾದರೋ ಚುರುಕು, ಹೆಣಿಗೆ ಬೇಗ ಬಂದಿತ್ತು. ಬಂದಿದೆಯಲ್ಲ ಎಂದು ನಾನು ಕೈಬಿಟ್ಟೆ. ನಾಲ್ಕು ಬೆರಳು ಉದ್ದ ಹೆಣೆದು, ಸೂಜಿ ಸಮೇತ ಗೂಟದಲ್ಲಿದ್ದ ಚೀಲದೊಳಗೆ ಹಾಕಿ, ಕುಂಟಲಿಪಿ ಆಡಲು ಹೋದವಳು ತಿಂಗಳುಗಟ್ಟಲೆ ಆ ಕಡೆ ತಿರುಗಿ ನೋಡಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಸುದ್ದಿ ಬಂತು. ಶಾಲೆ ತಪಾಸಣೆಗೆ ದಿಪೋಟಿ ಸಾಹೇಬರು ಶನಿವಾರ ಬರುತ್ತಾರೆ, ಓದು ಬರಹದ ಜೊತೆಗೆ ಹೆಣಿಗೆಯನ್ನೂ ನೋಡುತ್ತಾರೆ. ಅವ್ವನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮೂರು ವರ್ಷಗಳಿಂದ ಹಂಗಾಮಿ; ಕಾಯಂ ಮಾಡುವುದು ಬಿಡುವುದು ಆ ತಪಾಸಣೆಯ ಮೇಲಿತ್ತು. ಕಾಯಂ ಆದರೆ ಹುಕ್ಕೇರಿಯಲ್ಲೇ ಉಳಿಯಬಹುದು, ಸಂಕೇಶ್ವರ ಹತ್ತಿರ, ಅಪ್ಪ ವಾರವಾರ ಬರಬಹುದು. ಇಲ್ಲವಾದರೆ ಎಲ್ಲಿ ಒಗೆಯುತ್ತಾರೋ ಹೇಳಲು ಬರುವುದಿಲ್ಲ. ಇದು ಮನೆಯಲ್ಲಿ ನನಗೂ ಗೊತ್ತಿತ್ತು. ಏನೂ ತಿಳಿಯದ ಕೂಸಾಗಿದ್ದೆ ಎಂದು ಈಗ ನೆಪ ಹೇಳಲಾರೆ.

ಆ ವಾರ ಅವ್ವ ನಿಂತದ್ದು ನಾನು ಕಾಣೆ. ನೀಲಾಳಿಗೆ ಹಲ್ಲು ಬರುತ್ತಿದ್ದವು, ಮೈ ಕಾದು, ಕೆಳಗಿಳಿಸಿದರೆ ಕಿರಿಚುತ್ತಿದ್ದಳು. ಅವ್ವ ಅವಳನ್ನು ಬೆನ್ನಿಗೆ ಸೀರೆಯಲ್ಲಿ ಕಟ್ಟಿಕೊಂಡೇ ರೊಟ್ಟಿ ಬಡಿಯುವಳು, ಬಡಿದ ರೊಟ್ಟಿಯನ್ನು ಹೆಂಚಿಗೆ ಹಾಕಿ ಸೂಜಿ ಹಿಡಿಯುವಳು. ಶಾಲೆಯಲ್ಲಿ ದಡ್ಡ ಹುಡುಗಿಯರನ್ನು ಮಧ್ಯಾಹ್ನದ ಬಿಡುವಿನಲ್ಲೂ ಕೂಡಿಸಿಕೊಂಡು ಪಾಠ ಹೇಳುವಳು. ಮಂಗಳವಾರ ಎರಡು ರೊಟ್ಟಿ ಕರಕಾದವು. ಬುಧವಾರ ಬದನೆಕಾಯಿ ಪಲ್ಯಕ್ಕೆ ಉಪ್ಪನ್ನೇ ಹಾಕಿರಲಿಲ್ಲ. ಆಯಿ ಒಂದು ತುತ್ತು ಬಾಯಿಗಿಟ್ಟು, ತಾಟು ಸರಿಸಿದಳು.

“ಏನವಾ ಇದು, ದನಕ್ಕ ಇಟ್ಟೀಯೋ ಮನಶ್ಯಾರಿಗೆ ಇಟ್ಟೀಯೋ? ನಿನಗ ಸಾಲಿ ಬೇಕೋ, ಮನಿ ಬೇಕೋ, ಆ ಸೂಜಿ ಬೇಕೋ? ಯಾವುದರ ಒಂದ ಹೇಳ.”

“ಮೂರೂ ಬೇಕ್ರಿ ಅತ್ತಿ,” ಎಂದಳು ಅವ್ವ, ಉಪ್ಪಿನ ಗಡಿಗೆ ಮುಂದೆ ತಂದಿಡುತ್ತ.

“ಮೂರೂ ಬೇಕಂತ! ಯಾರದೋ ಲಡಾಯಿ, ಯಾರದೋ ಕೊಳ್ಳು. ಅವರ ಕೊಳ್ಳಿಗೆ ಗಲಪಟ್ಟಿ ಕಟ್ಟಾಕ ನನ್ನ ಮೊಮ್ಮಗಳು ತೊಟ್ಟಲದಾಗ ಒದರಬೇಕೇನು?”

“ಶನಿವಾರ ತನಕ ತಡೀರಿ ಅತ್ತಿ. ಶನಿವಾರ ಮುಗೀಲಿ. ಆಮ್ಯಾಲ ನೀವು ಹೇಳಿದ್ದ ಪಲ್ಲೆ ಮಾಡತೀನಿ.”

“ಶನಿವಾರ ತನಕ ನಾ ಇದ್ರ,” ಎಂದಳು ಆಯಿ. ಹೇಳಿದವಳು ಉಪ್ಪು ಹಾಕಿಕೊಂಡು ಎರಡು ರೊಟ್ಟಿ ತಿಂದಳು ಅನ್ನಿ.

ಇಷ್ಟರ ನಡುವೆ ಅವ್ವ ನನ್ನನ್ನು ದಿನಾ ಒಂದು ಮಾತು ಕೇಳುತ್ತಿದ್ದಳು. ಬೇವಿನ ಗಿಡಕ್ಕಿಂತ ಮುಂಚೆ, ತಾಯಿಯಾಗಿ.

“ನಿಂದು ಎಷ್ಟಾತ?”

ಸೋಮವಾರ ನಾನು “ಒಂದ ಮೊಳ ಆಗೈತಿ” ಅಂದೆ. ಆಗಿದ್ದು ನಾಲ್ಕು ಬೆರಳು. ಆ ಮೇಲೆ ಸುಳ್ಳನ್ನು ದಿನಾ ಬೆಳೆಸಲೇಬೇಕಾಯಿತು. ಮಂಗಳವಾರ ಒಂದೂವರೆ ಮೊಳ, ಬುಧವಾರ ಎರಡು ಮೊಳ, ಗುರುವಾರ “ಇನ್ನ ಗೇಣು ಉಳದೈತಿ.” ಹೆಣಿಗೆ ಅಲ್ಲೇ ನಿಂತಿತ್ತು, ನಾಲಗೆ ಮಾತ್ರ ಹೆಣೆಯುತ್ತಿತ್ತು. ನಿಜ ಹೇಳಿ ಸೋಮವಾರದಿಂದಲೇ ಕೂತಿದ್ದರೆ, ನನ್ನ ಚುರುಕು ಕೈಗೆ ಶನಿವಾರದೊಳಗೆ ಅದು ಮುಗಿಯುತ್ತಿತ್ತು. ಕೂರಲಿಲ್ಲ. ಅವ್ವ ತೋರಿಸು ಅನ್ನಲಿಲ್ಲ. ಅವಳಿಗೆ ಪುರುಸೊತ್ತು ಇರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದಲ್ಲ. ಮಗಳು ಹೇಳಿದ್ದಾಳೆ ಅಂದ ಮೇಲೆ ಆಯಿತು ಅಂದುಕೊಂಡಿದ್ದಳು. ನಂಬಿದ್ದಳು.

ಶುಕ್ರವಾರ ಸಂಜೆ ಅವ್ವನ ಗಲಪಟ್ಟಿ ಮುಗಿಯಿತು. ಬೆಳಕಿಂಡಿಯ ಕೊನೆಯ ಬಿಸಿಲಲ್ಲಿ ಅದನ್ನು ಹಿಡಿದು ನೋಡಿ, ಅವಳು ಆ ವಾರದಲ್ಲಿ ಮೊದಲ ಸಲ ನಕ್ಕಳು. ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿಟ್ಟಳು. ಆಗಲಾದರೂ ಹೇಳಬಹುದಿತ್ತು. ಹೇಳಿದ್ದರೆ ಎರಡು ಪೆಟ್ಟು ಬೀಳುತ್ತಿದ್ದವು, ತಪಾಸಣೆಯಲ್ಲಿ ಹನ್ನೊಂದರ ಬದಲು ಹತ್ತು ಹುಡುಗಿಯರ ಗಲಪಟ್ಟಿ ಇರುತ್ತಿದ್ದವು, ಅಷ್ಟೇ ಆಗುತ್ತಿತ್ತು. ಶನಿವಾರ ಮುಂಜಾನೆಯ ಶಾಲೆ. ಅವ್ವ ಬಚ್ಚಲಿಗೆ ಹೋದಾಗ ನಾನು ಟ್ರಂಕು ತೆಗೆದು ಅವಳ ಗಲಪಟ್ಟಿಯನ್ನು ನನ್ನ ಪಾಟಿಚೀಲಕ್ಕೆ ತುರುಕಿದೆ. ನನ್ನ ನಾಲ್ಕು ಬೆರಳಿನ ತುಂಡನ್ನೂ ಉಂಡೆಯನ್ನೂ ಸೂಜಿ ಸಮೇತ ಜೋಳದ ಚೀಲದ ತಳದಲ್ಲಿ ಹೂತೆ. ಆಯಿ ಕಣ್ಣು ಮುಚ್ಚಿ ಪೂಜೆಗೆ ಕೂತಿದ್ದಳು. ನೀಲಾ ಒಬ್ಬಳೇ ತೊಟ್ಟಿಲ ಅಂಚು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಿಗೂ ನಾನು ಹೆದರಿದೆ. ಆಮೇಲೆ ಅವ್ವ ಗಡಿಬಿಡಿಯಲ್ಲಿ ಟ್ರಂಕು ತೆಗೆದು, ಗಲಪಟ್ಟಿ ಕಾಣದೆ, ಅತ್ತಿತ್ತ ಹುಡುಕಿ, ಹೊತ್ತಾಯಿತೆಂದು ಹಾಗೇ ಹೊರಟಳು. “ಎಲ್ಲಿಟ್ಟೆ ಏನೋ, ತಲೀನ ನಿಂತಿಲ್ಲ ನಂದು,” ಎಂದು ದಾರಿಯುದ್ದ ತನ್ನನ್ನು ತಾನೇ ಬೈದುಕೊಂಡಳು. ನಾನು ಅವಳ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಪಾಟಿಚೀಲ ಅವುಚಿಕೊಂಡು ನಡೆದೆ.

ದಿಪೋಟಿ ಸಾಹೇಬರು ನಾವು ಹೋಗುವುದಕ್ಕಿಂತ ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಬಿಳಿ ರುಮಾಲು, ಕಪ್ಪು ಕೋಟು, ಸಣ್ಣ ದನಿ. ಕೆಟ್ಟ ಮನುಷ್ಯರಲ್ಲ. ಮಗ್ಗಿ ಕೇಳಿದರು, ಓದಿಸಿದರು, ನಕಾಶೆ ತೋರಿಸಿದರು. ನಾವು ಎಲ್ಲೂ ತಪ್ಪಲಿಲ್ಲ. ಅವ್ವನ ಮುಖ ಗೆಲುವಾಯಿತು. ಆಮೇಲೆ ಹೆಣಿಗೆ. ಹನ್ನೊಂದು ಹುಡುಗಿಯರು ತಮ್ಮ ತಮ್ಮ ಗಲಪಟ್ಟಿ ತಂದು ಜಮಖಾನೆಯ ಮೇಲೆ ಸಾಲಾಗಿ ಇಟ್ಟೆವು. ನಾನು ಇಡುವಾಗ ಅವ್ವನ ಕಣ್ಣು ಅದರ ಮೇಲೆ ಬಿತ್ತು. ತನ್ನ ಕೈಯ ಹೆಣಿಗೆ ಅವಳಿಗೆ ಗುರುತು ಸಿಕ್ಕಿತು. ಸಾಹೇಬರು ಆಗಲೇ ಬಗ್ಗಿ ನೋಡತೊಡಗಿದ್ದರು.

ಅವರ ಮನೆಯಲ್ಲೂ ಹೆಣೆಯುವವರಿದ್ದರೋ ಏನೋ, ಅವರಿಗೆ ಹೆಣಿಗೆ ಗೊತ್ತಿತ್ತು. ಹತ್ತು ಗಲಪಟ್ಟಿಗಳ ಅಂಚು ಹಲ್ಲುಹಲ್ಲಾಗಿತ್ತು. ನಾನಿಟ್ಟದ್ದರ ಅಂಚು ಮಾತ್ರ ನೆಟ್ಟಗೆ, ಸರಪಳಿ ಇಟ್ಟ ಹಾಗೆ. ಪ್ರತಿ ಸಾಲಿನ ಮೊದಲ ಟಾಕಾವನ್ನು ಹೆಣೆಯದೆ ಹಾಗೇ ಆಚೆ ಸೂಜಿಗೆ ದಾಟಿಸಿದರೆ ಅಂಚು ಹಾಗೆ ಬರುತ್ತದೆ. ಅವ್ವ ಅದನ್ನು ನಮಗೆ ಇನ್ನೂ ಕಲಿಸಿರಲೇ ಇಲ್ಲ. ನನಗೆ ಅದರ ಎಚ್ಚರವೇ ಇರಲಿಲ್ಲ. ಕದಿಯುವ ವಸ್ತುವನ್ನು ಸರಿಯಾಗಿ ನೋಡದೆ ಕದ್ದ ಕಳ್ಳಿ ನಾನು.

“ಇದು ಯಾರದು?”

“ನಂದ್ರಿ ಸಾಹೇಬ್ರ.”

“ನೀನ ಹೆಣದೀಯೇನು?”

“ಹೌದ್ರಿ.”

“ಭಾಳ ಛಲೋ. ಬಾ ಇಲ್ಲೆ, ನನ್ನ ಮುಂದ ಎರಡ ಸಾಲ ಹೆಣಿ ನೋಡೋಣು.”

ತಂಗೆವ್ವನದು ಇನ್ನೂ ಸೂಜಿಯ ಮೇಲೇ ಇತ್ತು, ಕೊನೆಯ ಸಾಲು ಮುಗಿಸಿರಲಿಲ್ಲ. ಸಾಹೇಬರು ಅದನ್ನೇ ಎತ್ತಿ ನನ್ನ ಕೈಗೆ ಕೊಟ್ಟರು. ಉಣ್ಣೆಗೆ ಸಗಣಿಯ ವಾಸನೆ ಇತ್ತು. ಎರಡು ಸುಲಟ ಹಾಕಿದೆ, ಮೂರನೆಯದಕ್ಕೆ ಸೂಜಿ ಜಾರಿ ಐದಾರು ಟಾಕಾ ಒಮ್ಮೆಲೇ ಕಳಚಿದವು. ತಂಗೆವ್ವ “ಅಯ್ಯ!” ಅಂದಳು. ಟಾಕಾಗಳು ಒಂದರ ಕೆಳಗೊಂದು ಬಿಚ್ಚಿಕೊಳ್ಳುತ್ತ ಇಳಿಯುವುದು ನನಗೆ ಕಾಣುತ್ತಿತ್ತು. ಹೆದರಿಕೆಗೆ ಬೇವಿನ ಗಿಡ, ಕಾಯಿದೆ ಎಲ್ಲ ಮರೆತು, ಅವಳ ಕಡೆ ತಿರುಗಿ ಒದರಿದೆ:

“ಅವ್ವಾ, ಟಾಕಾ ಬಿತ್ತು! ಎತ್ತಿ ಕೊಡ!”

ಸಾಹೇಬರು ತಲೆ ಎತ್ತಿದರು. ನನ್ನನ್ನು ನೋಡಿದರು, ಅವ್ವನನ್ನು ನೋಡಿದರು.

“ಇವರು ನಿಮ್ಮವ್ವ ಏನು?”

“ಹೂಂರಿ.”

“ಹಂಗಾದ್ರ ಈ ಗಲಪಟ್ಟಿ ಅವ್ವಾರ ಹೆಣದು ಕೊಟ್ಟಾರು, ಹೌದಿಲ್ಲೋ?”

ಇಲ್ಲ ಎನ್ನಬೇಕಾಗಿತ್ತು. ಇಲ್ರಿ, ಕೊಟ್ಟಿಲ್ಲ, ನಾನೇ ಟ್ರಂಕಿನಿಂದ ಕದ್ದು ತಂದೆ ಎನ್ನಬೇಕಾಗಿತ್ತು. ಕಳ್ಳಿ ಎನ್ನಿಸಿಕೊಳ್ಳುವುದಕ್ಕಿಂತ ಮುದ್ದಿನ ಮಗಳು ಎನ್ನಿಸಿಕೊಳ್ಳುವುದು ಸುಲಭ ಎಂದು ಆ ವಯಸ್ಸಿನಲ್ಲೂ ನನ್ನ ತಲೆ ಲೆಕ್ಕ ಹಾಕಿತು. ಎಷ್ಟು ಬೇಗ ಹಾಕಿತು!

“ಹೂಂರಿ,” ಅಂದೆ.

ಮೊದಲಿನ ಹೂಂ ಖರೆ, ಎರಡನೆಯದು ಸುಳ್ಳು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದೆ. ಸಾಹೇಬರು ಅವ್ವನ ಕಡೆ ತಿರುಗಿದರು.

“ಏನ್ರಿ ಅಕ್ಕಾರ, ಖರೆ ಏನ್ರಿ?”

ಅವ್ವ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಹೆಣಿಗೆಯನ್ನು ಬೆಳಕಿಗೆ ಹಿಡಿದು ಟಾಕಾ ಎಲ್ಲಿ ಬಿದ್ದಿದೆ ಎಂದು ಹುಡುಕುವಾಗ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು. ಆಮೇಲೆ ಹೇಳಿದಳು:

“ಹೆಣದಾಕಿ ನಾನರೀ.”

ಅವಳು ಸುಳ್ಳು ಹೇಳಲಿಲ್ಲ. ಇದ್ದ ನಿಜದಲ್ಲಿ ತನ್ನ ಪಾಲಿನದನ್ನು ಹೇಳಿ, ನನ್ನ ಪಾಲಿನದನ್ನು ನುಂಗಿಕೊಂಡಳು. ಸಾಹೇಬರು ಗಲಪಟ್ಟಿಗಳನ್ನು ಎಣಿಸಿದರು. ಹನ್ನೆರಡು ಉಂಡೆ ಕೊಟ್ಟಿದ್ದೆವು, ಇಲ್ಲಿ ಹನ್ನೊಂದೇ ಇವೆ, ಇನ್ನೊಂದು ಉಂಡೆ ಎಲ್ಲಿ ಎಂದರು. ಅದು ನಮ್ಮ ಜೋಳದ ಚೀಲದ ತಳದಲ್ಲಿತ್ತು. ಅವ್ವನಿಗೆ ಗೊತ್ತಿಲ್ಲ. “ಹುಡುಕಿ ಕೊಡತೀನ್ರಿ,” ಎಂದು ತಲೆ ತಗ್ಗಿಸಿದಳು. ಸಾಹೇಬರು ಗಲಪಟ್ಟಿಗಳನ್ನು ಬದಿಗೆ ಸರಿಸಿದರು. ಪುಸ್ತಕ ತೆಗೆದು ಬರೆಯತೊಡಗಿದರು. ಬಹಳ ಹೊತ್ತು ಬರೆದರು. ಆ ಲೇಖಣಿಯ ಕರಕರ ಸಪ್ಪಳ ಈಗಲೂ ನನ್ನ ಕಿವಿಯಲ್ಲಿದೆ.

ಅವರು ಹೋದ ಮೇಲೆ ಅವ್ವ ಜಮಖಾನೆಯ ಮೇಲೆ ಕೂತು, ನಾನು ಕೆಡಿಸಿದ ತಂಗೆವ್ವನ ಟಾಕಾಗಳನ್ನು ಒಂದೊಂದಾಗಿ ಎತ್ತುತ್ತಿದ್ದಳು. ತಂಗೆವ್ವ ಎದುರಿಗೆ ನಿಂತಿದ್ದಳು.

“ಅಕ್ಕಾರ್ರಿ, ನಾ ಒಂದ ಸಾಲ ಕೇಳಿದ್ದೆ. ಕೊಡಂಗಿಲ್ಲ ಅಂದ್ರಿ.”

“ಹೌದವಾ, ಅಂದಿದ್ದೆ,” ಎಂದಳು ಅವ್ವ. ಟಾಕಾಗಳನ್ನು ಏರಿಸಿ ಸೂಜಿಯನ್ನು ಅವಳ ಕೈಗೆ ಕೊಟ್ಟಳು. ತಂಗೆವ್ವ ಅದನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡು ಹೋದಳು. ಅಷ್ಟು ದಿನ ಆ ಹುಡುಗಿಯರು ಅವ್ವನ ಮಾತನ್ನು ದೇವರ ಮಾತಿನ ಹಾಗೆ ನಂಬಿದ್ದರು. ಅವತ್ತು ಹತ್ತು ಜೋಡಿ ಕಣ್ಣುಗಳಲ್ಲಿ ಅದು ಹೋಯಿತು. ಕಳೆದವಳು ನಾನು, ಅನುಭವಿಸಿದವಳು ಅವಳು.

ಬೇವಿನ ಗಿಡ ದಾಟಿದ ಮೇಲೆ ಬೈಗಳು ಬೀಳುತ್ತವೆ ಎಂದು ಕಾದೆ. ಬೀಳಲಿಲ್ಲ. ಅವ್ವನ ಕೈಯಲ್ಲಿ ಸೂಜಿ ಇರಲಿಲ್ಲ, ಬರಿಗೈಯಲ್ಲಿ ನಡೆದಳು. ನಾನು ಸೆರಗು ಹಿಡಿಯಲು ಹೋದೆ, ನನ್ನ ಕೈಯೇ ಮುಂದೆ ಹೋಗಲಿಲ್ಲ. ಸಂಜೆ ಅಪ್ಪ ಬೆಲ್ಲದ ಸಣ್ಣ ಪೆಂಟೆ ಹಿಡಿದುಕೊಂಡು ಬಂದು, ಕಟ್ಟೆ ಹತ್ತುತ್ತಲೇ ಕೇಳಿದ:

“ಏನಾತು? ಕಾಯಂ ಆತೇನು? ಬಾಯಿ ಸಿಹಿ ಮಾಡೋಣಂತ ತಂದೇನಿ.”

“ಇನ್ನ ಒಂದ ವರ್ಷ ನೋಡತಾರಂತ,” ಎಂದಳು ಅವ್ವ. “ಕೈಕಾಲ ತೊಳಕೊಂಡ ಬರ್ರಿ, ರೊಟ್ಟಿ ಬಿಸಿ ಅದಾವು.”

ಆಯಿ ಏನಾದರೂ ಅಂದೇ ಅನ್ನುತ್ತಾಳೆ ಎಂದುಕೊಂಡೆ. ಅವಳು ಸೊಸೆಯ ಮುಖ ನೋಡಿ, ಕೂತಲ್ಲಿಂದಲೇ ಕೈ ಚಾಚಿ ಬೆಲ್ಲದ ಪೆಂಟೆಯನ್ನು ಗೋಡೆಯ ಮಾಡದಲ್ಲಿ ಇರಿಸಿದಳು. ಅವತ್ತು ಎಣ್ಣೆಗಾಯಿ ಬಹಳ ರುಚಿಯಾಗಿತ್ತು, ಉಪ್ಪು ಖಾರ ಎಲ್ಲ ಸರಿಯಾಗಿತ್ತು. ನಾನು ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟೆ. ಯಾಕೆ ಉಣ್ಣುತ್ತಿಲ್ಲ ಎಂದು ಅಪ್ಪ ಕೇಳಿದ. ಹೊಟ್ಟೆನೋವು ಎಂದು ಮತ್ತೊಂದು ಸುಳ್ಳು ಹೇಳಿದೆ.

ಭಾನುವಾರ ಮಧ್ಯಾಹ್ನ ಬೀಸಲು ಜೋಳ ತೆಗೆಯುವಾಗ ಅವ್ವನ ಕೈಗೆ ಅದು ಸಿಕ್ಕಿತು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಉಂಡೆಗೆ ಅಂಟಿದ್ದ ಜೋಳದ ಕಾಳುಗಳನ್ನು ಅವಳು ಒಂದೊಂದಾಗಿ ಬಿಡಿಸಿದಳು. ಬೆಳಕಿಂಡಿಯ ಬಿಸಿಲಲ್ಲಿ ಕೂತು, ಆ ನಾಲ್ಕು ಬೆರಳಿನ ತುಂಡಿನಲ್ಲಿ ಕಳಚಿಹೋಗಿದ್ದ ಟಾಕಾಗಳನ್ನು ಎತ್ತಿ ಸೂಜಿಗೆ ಏರಿಸಿದಳು. ಆಮೇ‌ಲೆ ತಲೆ ಎತ್ತದೆಯೇ ನನ್ನನ್ನು ಕರೆದಳು.

“ತಗೋ. ಟಾಕಾ ಎತ್ತೇನಿ. ಮುಂದಿಂದು ನಿಂದು.”

ಆ ವಿಷಯದ ಬಗ್ಗೆ ಅವಳು ಇಡೀ ಜನ್ಮದಲ್ಲಿ ಆಡಿದ ಮಾತು ಅಷ್ಟೇ. ನಾನು ವಾರದೊಳಗೆ ಆ ಗಲಪಟ್ಟಿ ಮುಗಿಸಿದೆ, ಅಂಚು ಹಲ್ಲುಹಲ್ಲಾಗಿ ಬಂತು. ಅವ್ವ ಅದನ್ನು ಹನ್ನೆರಡನೆಯದೆಂದು ಕಚೇರಿಗೆ ಕಳಿಸಿದಳು. ಉಣ್ಣೆಯ ಲೆಕ್ಕ ಸರಿಹೋಯಿತು. ಅವಳ ಮೇಲೆ ಬರೆದದ್ದು ಮಾತ್ರ ಅಳಿಸಲಿಲ್ಲ. ಬೇಸಿಗೆ ಮುಗಿಯುತ್ತಲೇ ಮೂಡಲಗಿಗೆ ವರ್ಗವಾದ ಕಾಗದ ಬಂತು. ಚಕ್ಕಡಿಯಲ್ಲಿ ಸಾಮಾನು ಹೇರಿಕೊಂಡು ಹೊರಟ ದಿನ ಬೀಳ್ಕೊಡಲು ಒಬ್ಬ ಹುಡುಗಿಯೂ ಬರಲಿಲ್ಲ. ಬಾವಿಕಟ್ಟೆಯ ಹೆಂಗಸರು ಬಂದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಮೂಡಲಗಿಗೆ ಅಪ್ಪನಿಗೆ ತಿಂಗಳಿಗೊಮ್ಮೆ ಬರುವುದೂ ಕಷ್ಟವಾಯಿತು. ನೀಲಾ ಎಷ್ಟೋ ದಿನ ಅವನನ್ನು ಕಂಡರೆ ಅಳುತ್ತಿದ್ದಳು, ಗುರುತೇ ಹಿಡಿಯುತ್ತಿರಲಿಲ್ಲ. ಎರಡು ವರ್ಷದ ಮೇಲೆ ಅವ್ವ ಅಲ್ಲೇ ಕಾಯಂ ಆದಳು. ಮೂಡಲಗಿಯಲ್ಲೂ ಅವಳು ಹೆಣೆದಳು, ಆದರೆ ಮನೆಯಲ್ಲಿ ಮಾತ್ರ. ದಾರಿಯಲ್ಲಿ ಹೆಣೆಯುತ್ತ ನಡೆದದ್ದನ್ನು ನಾನು ಮತ್ತೆ ನೋಡಲಿಲ್ಲ. ನಾಚಿಕೆಯಾಗುತ್ತದೆ ಎಂದು ಹಿಂದೆ ಉಳಿಯುತ್ತಿದ್ದೆನಲ್ಲ, ಈಗ ಅವಳ ಜೊತೆಗೇ ನಡೆಯಬಹುದಿತ್ತು.

ಮುಂದೆ ನಾನೂ ಅಕ್ಕಾರು ಆದೆ. ಊರೂರು ತಿರುಗಿ, ತಲೆ ನೆರೆಯುವ ಹೊತ್ತಿಗೆ ಮೇಲವಂಕಿಯ ಶಾಲೆಗೆ ಬಂದೆ. ಅವ್ವ ಆಗ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಂದು ದಿನ ಒಬ್ಬ ಮುದುಕಿ ಮೊಮ್ಮಗಳನ್ನು ಹೆಸರು ಹಚ್ಚಲು ಕರೆತಂದಳು. ದಪ್ಪ ಕೈ, ಒರಟು ಬೆರಳು. ನಾನು ಗುರುತಿಸುವ ಮೊದಲೇ ಅವಳು ನನ್ನನ್ನು ಗುರುತಿಸಿ, ಎರಡೂ ಕೈ ಹಿಡಿದುಕೊಂಡಳು. ಮೇಲವಂಕಿ ತಂಗೆವ್ವನ ಗಂಡನ ಊರು. ನನ್ನ ಟೇಬಲ್ಲಿನ ಮುಂದೆ ಕೂತು, ಮೊಮ್ಮಗಳಿಗೆ ನನ್ನನ್ನು ತೋರಿಸಿದಳು.

“ಇವರ ಅವ್ವಾರು ನನಗ ಕಲಿಸಿದಾರ್ವಾ. ಏನ್ ಅಕ್ಕಾರ ಅಂತಿ! ಇವತ್ತಿಗೂ ಮಗ್ಗಿ ಮರತಿಲ್ಲ ನಾ.” ಆಮೇಲೆ ನನ್ನ ಕಡೆ ಬಾಗಿ, ಮೆಲ್ಲಗೆ, ನನ್ನ ಮನಸ್ಸಿಗೆ ನೋವಾಗಬಾರದೆಂದು ಅಂದಳು: “ಆ ಗಲಪಟ್ಟಿ ಸಲುವಾಗಿ ಸಣ್ಣಾಕಿದ್ದಾಗ ಭಾಳ ಸಿಟ್ಟ ಇತ್ತ ನೋಡ ನನಗ. ಅಕ್ಕಾರು ಎಲ್ಲಾರಿಗೂ ಒಂದ ಅಂತಾರು, ಮಗಳಿಗೊಂದ ಮಾಡಿದ್ರು ಅಂತ. ನನಗ ಮಕ್ಕಳಾದ ಮ್ಯಾಲ ಸಿಟ್ಟ ಹೋತು. ತಾಯಿ ಕಳ್ಳು, ಏನ್ ಮಾಡತಾರು ಪಾಪ, ಹೆಣದು ಕೊಟ್ಟಿರತಾರು. ಹೌದಿಲ್ಲೋ?”

ನನ್ನ ವಯಸ್ಸು ಐವತ್ತು ದಾಟಿತ್ತು. ಎದುರಿಗೆ ದಿಪೋಟಿ ಸಾಹೇಬರು ಇರಲಿಲ್ಲ, ಹೆದರಿಸುವವರು ಯಾರೂ ಇರಲಿಲ್ಲ. ಅವ್ವನನ್ನು ಕ್ಷಮಿಸಿಬಿಟ್ಟಿದ್ದ ತಂಗೆವ್ವ ನನ್ನ ಕೈ ಹಿಡಿದುಕೊಂಡು ಕಾಯುತ್ತಿದ್ದಳು.

“ಹೂಂ,” ಅಂದೆ.

ಆಮೇಲೆ ಎರಡು ಸಲ ಅವಳ ಮನೆಗೆ ಹೋದೆ, ಹೇಳಿಯೇ ಬರಬೇಕೆಂದು. ಎರಡು ಸಲವೂ ಚಹಾ ಕುಡಿದು, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬಂದೆ. ಮೂರನೆಯ ಸಲ ಹೋಗುವುದರೊಳಗೆ ಅವಳು ತೀರಿಕೊಂಡಿದ್ದಳು. ಅವಳ ಮೊಮ್ಮಗಳು ಓದು ಬಲ್ಲವಳು, ನನ್ನ ಕೈಯಲ್ಲೇ ಅಕ್ಷರ ಕಲಿತವಳು. ಈ ಹಾಳೆಗಳನ್ನು ಅವಳಿಗೆ ಕೊಡುತ್ತೇನೆ, ಅಜ್ಜಿಯ ಹೆಸರಿನಲ್ಲಿ ಗಟ್ಟಿಯಾಗಿ ಓದು ಎಂದು.

ತಂಗೆವ್ವಾ, ಅವ್ವ ನನಗ ಹೆಣದು ಕೊಟ್ಟಿಲ್ಲವಾ. ನಾ ಕದ್ದಿದ್ದೆ. ಒಂದ ಸಾಲನೂ ಕೊಟ್ಟಿಲ್ಲ ಆಕಿ. ನಿನಗೆಷ್ಟೋ ನನಗೂ ಅಷ್ಟ.